ಹೋಲ್ಡಾನ್

ಕೊಲ್ಹಾರ ಬ್ರಿಜ್ಜಿನ ನಟ್ಟನಡುವ
ಒಂದು ಫುಲ್ಲು ಎರಡು ಹಾಫು ಹರಿಯೂಮುಂದ
ಎದಿಯೊಳಗ ಯಾರೋ ಸೀಟಿ ಊದಿದ್ರು.
ಊದಿದವರು ನಿಲ್ಲಸಲಿಲ್ಲ.

ಕೆಳಗ ಕೃಷ್ಣಿ ದಂಡಿ ಕಾಣದಂಗ ಹರವಿದ್ದಳು,
ಮ್ಯಾಲ ಎಪ್ಪತ್ತೆರಡು ಮಂದಿ
ನನ್ನ ಪಾಲಿನ ಗಾಳಿ ಉಸರಾಡಾಕತ್ತಿದ್ರು.
ಕೈ ಜೋಮು ಹಿಡೀತು, ಚಿಲ್ಲರ ಉದುರಿತು,
ಇಲ್ಲಿಗೆ ಮುಗೀತು ಅಂತ ಕಂಬಿ ತಬ್ಬಿದೆ.
ಬ್ರಿಜ್ಜಿನ ಮ್ಯಾಲ ಸ್ಟಾಪ್ ಇಲ್ರೀ, ಸುಮ್ಮ ಕೂಡ್ರಿ –
ಹದಿನಾರು ವರ್ಷ ಮಂದಿಗೆ ಗದರಿಸಿದಾಂವ ನಾನೇ.

ಇಸಿಜಿ ಚೊಲೋ ಇತ್ತು.
ಎರಡನೇ ಸಲಾನೂ ಚೊಲೋ ಇತ್ತು.
ಅವ್ವ ನಿಂಬಿಹಣ್ಣು ನಿವಾಳಿಸಿ ಒಗದಳು.

ಮೊದಲ ಬ್ರಿಜ್ಜು ಬಿಟ್ಟೆ. ಆಮ್ಯಾಲ ಬಸ್ಸು.
ಆಮ್ಯಾಲ ಸಂತಿ, ಕ್ಷೌರದಂಗಡಿ, ಮಂದಿ ಮದವಿ.
ನವನಗರದ ರಸ್ತಾ ಭಾಳ ಅಗಲ;
ಮುಳುಗಿದ ಹಳೇ ಬಾಗಲಕೋಟಿ ಓಣ್ಯಾಗ
ಗ್ವಾಡಿಗೆ ಭುಜಾ ತಾಕಸ್ಕೋತ ಬೆಳದಾಂವ ನಾನು.
ಇಲ್ಲಿ ಸೆಕ್ಟರಿಗೆ ನಂಬರ್ ಐತಿ,
ಹಿಡಕೊಳ್ಳಾಕ ಗ್ವಾಡಿ ಇಲ್ಲ.
ಕಡೀಕ ಹೊಸ್ತಲಾನ ದಂಡಿ ಆತು,
ಅದರಾಚೆ ಎಲ್ಲಾ ನೀರು.

ಒಂಬತ್ತು ತಿಂಗಳು.
ಮಗಳ ಸಾಲಿ ಗ್ಯಾದರಿಂಗಿಗೆ ಡ್ಯೂಟಿ ಐತಿ ಅಂದೆ,
ಲುಂಗಿ ಮ್ಯಾಲ ಕುಂತು.

ಕಸ್ತೂರಿ ಬೈಲಿಲ್ಲ. ಬೈದಿದ್ರ ಹಗುರಾಗತಿತ್ತೇನೋ.
ಜಿಲ್ಲಾ ಆಸ್ಪತ್ರಿಗೆ ತಾನ ಹೋಗಿ ಸರದಿ ಹಚ್ಚಿ
ಅಲ್ಲಿಂದ ಫೋನ್ ಮಾಡಿ ಕೊಟ್ಳು.
ಡಾಕ್ಟರಬಾಯಿ ಕೇಳಿದ್ರು:
"ಬಿಜಾಪುರಕ್ಕ ಎಷ್ಟು ಸ್ಟೇಜ್ ಅದಾವ್ರೀ?"
ಗದ್ದನಕೇರಿ ಕ್ರಾಸ್, ಅನಗವಾಡಿ, ಬೀಳಗಿ ಕ್ರಾಸ್, ಕೊರ್ತಿ...
ಅಲ್ಲಿಗೆ ನಾಲಿಗಿ ನಿಂತಿತು.
"ಇರಲಿ. ನಿಮ್ಮ ಮನ್ಯಾಗಿಂದ ಮೊದಲನೇ ಸ್ಟೇಜ್ ಎಲ್ಲಿ?
ನೀವ ಬರೀರಿ."

ಹಳೇ ವೇಬಿಲ್ಲಿನ ಬೆನ್ನಿಗೆ ಬರದೆ.
ಹೊಸ್ತಲಾ. ನಳ. ಬೇವಿನಗಿಡ. ಕರೆಪ್ಪನ ಅಂಗಡಿ.
ಮಗಳು ನೋಟಬುಕ್ ಹರದು ಟಿಕೀಟ ಕೊಟ್ಳು:
ಹೊಸ್ತಲಾದಿಂದ ನಳದ ತನಕ,
ದರ ಹತ್ತು ಉಸರು.

ನಳಕ್ಕ ನೀರು ಬಂದಿರಲಿಲ್ಲ, ನನಗ ಬೆವರು ಬಂತು.
ಓಡಬ್ಯಾಡ್ರಿ, ನಿಂತು ನೋಡ್ರಿ ಅಂದಿದ್ರು.
ನಿಂತೆ.
ಏರಿತು, ಕುತಗಿ ಮಟ ಏರಿತು,
ಆಮ್ಯಾಲ ತಾನ ಇಳೀತು.
ಕೊಡದ ಸಾಲು ಇದ್ದಲ್ಲೇ ಇತ್ತು.

ಬೇವಿನಗಿಡಕ್ಕ ಹನ್ನೊಂದು ದಿನ ಹಿಡೀತು.
ಅಂಗಡಿಗೆ ಒಂದ ದಿನಕ್ಕ ಹೋದೆ,
ಮರುದಿನ ಹೊಸ್ತಲಾನೂ ದಾಟಲಿಲ್ಲ,
ಬಾಗಲಾ ಹಾಕ್ಕೊಂಡು ಅತ್ತೆ.
ಹೊರಗ ಕುಂತು ಮೆಂತೆಪಲ್ಲೆ ಸೋಸ್ಕೋತ ಕಸ್ತೂರಿ ಅಂದ್ಲು:
"ಗಾಡಿ ಕೆಟ್ಟೈತಿ ಅಷ್ಟ.
ರೂಟು ಕ್ಯಾನ್ಸಲ್ ಆಗಿಲ್ಲ."

ಡ್ರೈವರ್ ಲಾಲಸಾಬ ವಾರದ ರಜಾಕ್ಕ ಬರತಿದ್ದ.
ಎರಡು ಹೆಜ್ಜಿ ಹಿಂದ ನಡೀತಿದ್ದ, ಮಾತಿಲ್ಲ.
ಮೂರನೇ ತಿಂಗಳು, ಸರ್ಕಲ್ ದಾಟೂಮುಂದ,
ರಸ್ತಾ ನೋಡ್ಕೋತ ಅಂದ:
"ಆ ಹುಡುಗ ಗಾಲಿಗೆ ಬಂದು ಬದುಕಿದನಲ್ಲ,
ಆಮ್ಯಾಲ ಎರಡು ತಿಂಗಳು ನನಗ ರಿವರ್ಸ್ ಬೀಳತಿರಲಿಲ್ಲ.
ಗೇರು ಅಲ್ಲಪಾ. ಕೈ."
ಯಾರಿಗೂ ಹೇಳಿರಲಿಲ್ಲಂತ.
ಸರ್ಕಲ್ ದಾಟಿದ್ದು ನನಗ ಗೊತ್ತಾಗಲಿಲ್ಲ.

ನಿನ್ನಿ ಅವನ ಗಾಡಿ ಹತ್ತಿದೆ.
ಬಾಗಲದ ಹತ್ತಿರದ ಸೀಟು. ಖಾಕಿ ಇಲ್ಲ,
ಟಿಕೀಟ ತಗೊಂಡ ಪ್ಯಾಸೆಂಜರ್.
ಅಂಜಿಕಿ ಬಾಜೂಕ ಕುಂತಿತ್ತು.
ಅದಕ್ಕ ಈಗ ಹಾಫ್ ಟಿಕೀಟ ಸಾಕು.

ಕೊರ್ತಿಯೊಳಗ ಹೋಲ್ಡಾನ್ ಅಂದು ಇಳದೆ.
ದೂರದಾಗ ಬ್ರಿಜ್ಜು ಕಾಣತಿತ್ತು,
ನೀರಿನ ಮ್ಯಾಲ ಗೆರಿ ಎಳದಂಗ.
ಇವತ್ತು ಬ್ಯಾಡ ಅಂದೆ. ಅದೇನೂ ಸಿಟ್ಟಾಗಲಿಲ್ಲ.
ಚಾ ಕುಡದು ಕಸ್ತೂರಿಗೆ ಫೋನ್ ಹಚ್ಚಿದೆ:
"ಕೊರ್ತಿ ತನಕ ಬಂದೀನಿ."

ಆ ಕಡೆ ಚೂರು ಹೊತ್ತು ಏನೂ ಇಲ್ಲ.
ಆಮ್ಯಾಲ, ಮೂಗು ಒರಸ್ಕೊಂಡ ದನಿ:
"ಬರೂಮುಂದ ಸಂತ್ಯಾಗ ಉಳ್ಳಾಗಡ್ಡಿ ತಗೊಂಡ ಬಾ."

ಎಷ್ಟು ಕಿಲೋ, ಅಂತ ಕೇಳಿದೆ.